ನೋಟಿಸ್ ಪೀರಿಯಡ್‌ನಲ್ಲಿ ಗ್ರೀಕ್ ಕಲಿಯುತ್ತಿದ್ದ ಗೆಳೆಯ

‘ನೀನಾದ್ರೂ ಸ್ವಲ್ಪ ಬುದ್ಧಿ ಹೇಳಪ್ಪಾ. ನಿನ್ನ ಮಾತು ಕೇಳ್ತಾನೆ.’

ಭಾನುವಾರ ಬೆಳಗ್ಗೆ ಏಳಕ್ಕೆ ಮಂಗಳೂರಿನಿಂದ ಫೋನ್. ಚರ್ಚಿಗೆ ಹೊರಡುವ ಮುಂಚೆ ಮಾಡಿದ್ದರು, ನನ್ನ ಗೆಳೆಯನ ಅಮ್ಮ. ಅವನೂ ನಾನೂ ಏಳು ವರ್ಷದಿಂದ ಒಂದೇ ಟೀಮ್. ಅದರಲ್ಲಿ ಮೂರು ವರ್ಷ ಒಂದೇ ಪಿಜಿ. ಅವನು ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದ. ಬೇರೆ ಕಂಪನಿಗೆ ಹೋಗೋಕಲ್ಲ, ಸ್ಟಾರ್ಟಪ್‌ಗಲ್ಲ, ಕೆನಡಾಕ್ಕೂ ಅಲ್ಲ. ಥಿಯಾಲಜಿ ಓದಿ ಮಿಶನರಿ ಆಗ್ತಾನಂತೆ.

ಅವರದು ತಲೆಮಾರುಗಳಿಂದ ಕ್ರೈಸ್ತ ಕುಟುಂಬ. ಅಮ್ಮ ಒಂದು ಭಾನುವಾರವೂ ಚರ್ಚ್ ತಪ್ಪಿಸಿದವರಲ್ಲ. ಆದರೂ ಮಗ ಹೀಗಂದಾಗ ಎದೆ ಧಸಕ್ ಅಂದಿದೆ. ಮನೆ ಸಾಲ ಇನ್ನೂ ಇದೆ, ಹುಡುಗಿ ನೋಡುವ ಮಾತೂ ನಡೆದಿತ್ತು. ನನಗೋ ಈ ಲೋಕವೇ ಹೊಸದು. ಚರ್ಚಿನ ಒಳಗೆ ಕಾಲಿಟ್ಟಿದ್ದೇ ಅವನ ಅಕ್ಕನ ಮದುವೆಗೆ. ‘ನೋಡ್ತೀನಿ ಆಂಟಿ’ ಅಂತ ಫೋನಿಟ್ಟೆ. ವಾದ ಮಾಡೋಕೆ ಮುಂಚೆ ಡೇಟಾ ಬೇಕಲ್ವಾ? ಹಾಗಾಗಿ ಓದೋಕೆ ಕೂತೆ. ಎರಡು ವಾರ ಓದಿದೆ.

ಬಾಸೆಲ್‌ನ ಹಾಸ್ಟೆಲ್

ಕರಾವಳಿಯವರಿಗೆ, ಧಾರವಾಡದವರಿಗೆ ಬಾಸೆಲ್ ಮಿಶನ್ ಹೆಸರು ಹೊಸದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಅದು. ಮರುವರ್ಷವೇ ಮಿಶನರಿಗಳ ತರಬೇತಿ ಶಾಲೆ ಶುರುವಾಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹಳಷ್ಟು ಮಂದಿ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಅರ್ಜಿಯ ಜತೆ ತಮ್ಮ ಜೀವನದ ಕಥೆಯನ್ನು ತಾವೇ ಬರೆದು ಕೊಡಬೇಕಿತ್ತು. ನಾವು ರೆಸ್ಯೂಮ್‌ನಲ್ಲಿ ಸಾಧನೆ ತುಂಬಿಸ್ತೀವಿ. ಅವರು ತಮ್ಮ ಮನಸ್ಸು ಯಾವಾಗ ಬದಲಾಯಿತು, ಈ ಕೆಲಸಕ್ಕೆ ಕರೆ ಬಂತು ಅಂತ ಯಾಕೆ ಅನ್ನಿಸಿತು ಅನ್ನೋದನ್ನು ಬರೆಯಬೇಕಿತ್ತು.

ಸೇರಿದ ಮೇಲೆ ವರ್ಷಗಟ್ಟಲೆ ಹಾಸ್ಟೆಲ್ ಬದುಕು. ಬೈಬಲ್ ಜತೆಗೆ ಗ್ರೀಕ್, ಹೀಬ್ರೂ, ಲ್ಯಾಟಿನ್, ಇಂಗ್ಲಿಷ್. ನಡುವೆ ತೋಟದ ಕೆಲಸ, ಕೈಕೆಲಸ. ಏಳುವುದರಿಂದ ಮಲಗುವವರೆಗೂ ವೇಳಾಪಟ್ಟಿ. ಓದು ಮುಗಿದ ಮೇಲೆ ಯಾವ ದೇಶಕ್ಕೆ ಹೋಗಬೇಕು ಅಂತ ಸಮಿತಿ ಹೇಳುತ್ತಿತ್ತು.

ಮದುವೆಗೂ ಸಮಿತಿಯ ಅಪ್ಪಣೆ ಬೇಕು. ಮೊದಲು ಒಂಟಿಯಾಗಿ ಹೋಗಿ ಕೆಲವು ವರ್ಷ ಕೆಲಸ ಮಾಡಬೇಕು, ಆಮೇಲೆ ಅರ್ಜಿ. ಒಪ್ಪಿಗೆ ಸಿಕ್ಕರೆ ಅಲ್ಲಿಂದ ಹುಡುಗಿ ಹಡಗು ಹತ್ತಿ ಬರುತ್ತಿದ್ದಳು. ಗಂಡನಾಗುವವನ ಮುಖ ಮೊದಲ ಸಲ ನೋಡಿದ್ದೇ ಇಲ್ಲಿಗೆ ಬಂದಿಳಿದ ಮೇಲೆ ಅನ್ನುವ ಹೆಣ್ಣುಮಕ್ಕಳೂ ಇದ್ದರು. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸುವುದು ರೂಢಿ. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದ ತಾಯಿ ಅದನ್ನು ಮತ್ತೆ ನೋಡಲು ಎಷ್ಟೋ ವರ್ಷ ಕಾಯಬೇಕಿತ್ತು.

ಇದನ್ನು ಓದುವಾಗ ಆಂಟಿಯ ಧ್ವನಿ ಕಿವಿಯಲ್ಲೇ ಇತ್ತು.

ಕಲಿಸೋಕೆ ಬಂದವರು ಕಲಿಯೋಕೆ ಕೂತರು

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾದಾಗ, ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಊರಲ್ಲಿ ತುಳು, ಕೊಂಕಣಿ, ಕನ್ನಡ. ಬಾಸೆಲ್‌ನಲ್ಲಿ ಕಲಿತ ಯಾವ ಭಾಷೆಯೂ ಇಲ್ಲಿನ ಪೇಟೆಯಲ್ಲಿ ಅಕ್ಕಿ ಕೇಳೋಕೆ ಉಪಯೋಗಕ್ಕೆ ಬರಲಿಲ್ಲ. ಅಂದರೆ ಇಷ್ಟು ವರ್ಷದ ತಯಾರಿ ಮುಗಿಸಿ ಬಂದವರು ಮತ್ತೆ ಅ, ಆ, ಇ, ಈಯಿಂದ ಶುರು ಮಾಡಬೇಕಾಯಿತು.

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಓದಿದವರು. ಏಳು ವರ್ಷದಲ್ಲಿ ಅವರಿಗೆ ಕನ್ನಡ ಎಷ್ಟು ಒಲಿಯಿತೆಂದರೆ, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನೇ ಹೊರತಂದರು. ಇವತ್ತಿಗೂ ಆ ದಿನ ನಮ್ಮ ಪತ್ರಿಕಾ ದಿನಾಚರಣೆ. ಮುಂದೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕ್ರಿಸ್ತನ ಬಗ್ಗೆ ಹೇಳಲು ಬಂದವರು ಪುರಂದರದಾಸರ ಪದ ಹುಡುಕಿಕೊಂಡು ಕೂತಿದ್ದರು ಅನ್ನೋದನ್ನು ನಾನು ಎರಡೆರಡು ಸಲ ಓದಿದೆ. ಹಾಗಂತ ಉದ್ದೇಶ ಮತಪ್ರಚಾರ ಅಲ್ಲ ಅಂತಲ್ಲ. ಅದೇ ಉದ್ದೇಶ, ಅದನ್ನವರು ಮುಚ್ಚಿಟ್ಟೂ ಇರಲಿಲ್ಲ. ಆದರೆ ಜನರ ಮನಸ್ಸು ತಿಳಿಯದೆ ಅವರ ಹತ್ತಿರ ಏನು ಮಾತಾಡೋದು ಅನ್ನೋ ಪ್ರಶ್ನೆ ಅವರನ್ನು ಕಾಡಿತ್ತು.

ಎಂ.ಜಿ. ರೋಡ್‌ನಲ್ಲಿ ಓಡಾಡುವವರು ಫರ್ಡಿನಾಂಡ್ ಕಿಟೆಲ್ ಪ್ರತಿಮೆ ನೋಡಿರುತ್ತೀರಿ. 1850ರಲ್ಲಿ ಬಾಸೆಲ್ ಶಾಲೆ ಸೇರಿದಾಗ ಅವರಿಗೆ ಹದಿನೆಂಟು. 1853ರಲ್ಲಿ ಧಾರವಾಡಕ್ಕೆ ಬಂದರು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿದ್ದು 1894ರಲ್ಲಿ, ಅವರ 62ನೇ ವಯಸ್ಸಿಗೆ. ಲೆಕ್ಕ ಹಾಕಿ ನೋಡಿ. ಬಾಸೆಲ್‌ನಲ್ಲಿ ಕಲಿತದ್ದು ಮೂರು ವರ್ಷ. ಕನ್ನಡ ಕಲಿತದ್ದು ನಲವತ್ತು ವರ್ಷ.

ಇವರ ನಡುವೆ ನಮ್ಮ ಜಾತಿಯವರೊಬ್ಬರು, ಅಂದರೆ ಎಂಜಿನಿಯರ್ ಕೂಡ ಸಿಕ್ಕರು. ಜಾರ್ಜ್ ಪ್ಲೆಬ್ಸ್ಟ್. ಆ ಕಾಲದಲ್ಲಿ ಕ್ರೈಸ್ತರಾದವರು ಮನೆ, ಕುಲಕಸುಬು, ನೆಂಟರು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದರು. ಮಾತು ಹೇಳಿ ಕೈಬಿಟ್ಟರೆ ಅವರ ಹೊಟ್ಟೆಪಾಡೇನು? ಮಿಶನ್ ಮೊದಲು ನೇಯ್ಗೆಗೆ ಕೈ ಹಾಕಿತು. 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚು ಅಂತ ನಾವು ಕರೆಯುವ ಕೆಂಪು ಹೆಂಚಿನ ಮೂಲ ಅಲ್ಲಿದೆ.

ಆ ಇನ್ನೊಂದು ಮನೆ

ಇಷ್ಟು ಓದಿದಾಗ ನಾನು ಹೆಚ್ಚುಕಡಿಮೆ ಗೆಳೆಯನ ಪಕ್ಷ ಸೇರಿದ್ದೆ. ಆಗ ಸಿಕ್ಕಿದ್ದು ಆನಂದರಾವ್ ಕೌಂಡಿನ್ಯರ ಕಥೆ.

ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಹುಡುಗ, ಮಿಶನ್‌ನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮುಂಚೆ ಕ್ರೈಸ್ತನಾದ. ಊರಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆಗಲೇ ಮದುವೆಯೂ ಆಗಿತ್ತು, ಹೆಂಡತಿ ಜತೆಗೆ ಬರಲಿಲ್ಲ. 1846ರಲ್ಲಿ ಮೋಗ್ಲಿಂಗ್ ಜತೆ ಯುರೋಪಿಗೆ ಹೊರಟು, ಬಾಸೆಲ್‌ನ ಅದೇ ಶಾಲೆಯಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದ. ಹೋದಾಗ ಆನಂದರಾವ್, ಬರುವಾಗ ಹರ್ಮನ್ ಆನಂದರಾವ್ ಕೌಂಡಿನ್ಯ. ವಾಪಸ್ ಬಂದು ಮಂಗಳೂರಿನಲ್ಲೇ ಮಿಶನರಿಯಾಗಿ ದುಡಿದರು, ಸೆಮಿನರಿಯಲ್ಲಿ ಪಾಠ ಮಾಡಿದರು. 1893ರಲ್ಲಿ ತೀರಿಕೊಂಡರು.

ಅವರಿಗೆ ಭಾಷೆ ಕಲಿಯುವ ಕಷ್ಟ ಇರಲಿಲ್ಲ. ಬೀದಿಗಳು ಗೊತ್ತು, ಜನ ಗೊತ್ತು. ಕಷ್ಟ ಇದ್ದದ್ದು ಅಲ್ಲೇ. ತಾನು ಹುಟ್ಟಿ ಬೆಳೆದ ಊರಿನಲ್ಲೇ, ತನ್ನದಲ್ಲದ ಮನೆಯ ಮುಂದೆ ಓಡಾಡಿಕೊಂಡು ಬದುಕಬೇಕು. ಮಿಶನ್‌ಗೆ ಅದು ದೊಡ್ಡ ಗೆಲುವು. ಆ ಮನೆಯಲ್ಲಿ? ಮಿಶನರಿಗಳ ವರದಿಗಳು ಬಾಸೆಲ್‌ಗೆ ಹೋದವು, ಪುಸ್ತಕಗಳಾದವು. ಬಾರದೆ ಉಳಿದ ಆ ಹುಡುಗಿಯ ಕಡೆಯಿಂದ ಈ ಕಥೆ ಹೇಗಿತ್ತು ಅಂತ ನಾನು ಬಹಳ ಹೊತ್ತು ಯೋಚಿಸಿದೆ.

ನೇರವಾಗಿ ಕೇಳಿಬಿಟ್ಟೆ

ಒಂದು ಸಂಜೆ ಆಫೀಸಿನ ಎದುರಿನ ದರ್ಶಿನಿಯಲ್ಲಿ ಗೆಳೆಯನನ್ನು ಹಿಡಿದೆ. ಅವನ ಫೋನಲ್ಲಿ ಗ್ರೀಕ್ ಅಕ್ಷರಗಳ ಫ್ಲ್ಯಾಶ್‌ಕಾರ್ಡ್. ಆಲ್ಫಾ, ಬೀಟಾ ನಮಗೆ ಗಣಿತದಲ್ಲೇ ಬಂದಿತ್ತಲ್ಲ ಅಂತ ನಗುತ್ತಿದ್ದ.

ಈಗಿನ ತಯಾರಿ ಹೇಗೆ ಅಂತ ಕೇಳಿದೆ. ಮೊದಲು ಸ್ವಂತ ಚರ್ಚಿನ ಶಿಫಾರಸು, ಆಮೇಲೆ ಪರೀಕ್ಷೆ, ಸಂದರ್ಶನ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಂಥ ಕಡೆ ಸೆರಾಂಪುರ ಸೆನೆಟ್‌ನ ಬಿ.ಡಿ. ಪದವಿ ಓದಬೇಕು. ಬೈಬಲ್, ಚರ್ಚಿನ ಇತಿಹಾಸ, ಬೇರೆ ಧರ್ಮಗಳ ಅಧ್ಯಯನ, ಕೌನ್ಸೆಲಿಂಗ್, ಜತೆಗೆ ಜನರ ನಡುವೆ ಕೆಲಸ. ಸಂಬಳದ ವಿಷಯ ಕೇಳಿದ್ದಕ್ಕೆ, ‘ನಮ್ಮ ಕ್ಯಾಬ್ ಅಲೌನ್ಸ್ ನೆನಪಿದೆಯಾ?’ ಅಂದ. ಮನೆ ಸಾಲಕ್ಕೆ ಅಂತಲೇ ಒಂದೂವರೆ ವರ್ಷದಿಂದ ಬೋನಸ್ ಮುಟ್ಟಿರಲಿಲ್ಲವಂತೆ. ಅದನ್ನು ನನಗೂ ಹೇಳಿರಲಿಲ್ಲ.

ಕೊನೆಗೆ ಕೇಳಿಯೇಬಿಟ್ಟೆ. ‘ಜನರನ್ನ ಮತಾಂತರ ಮಾಡ್ತೀಯಾ?’

ಕಾಫಿ ಲೋಟ ಕೆಳಗಿಟ್ಟ. ‘ನನಗೆ ಸಿಕ್ಕಿದ್ದನ್ನ, ಕೇಳಿದವರಿಗೆ ಹೇಳ್ತೀನಿ. ಅದನ್ನ ಮುಚ್ಚಿಡೋಕಾಗಲ್ಲ. ಏಳು ವರ್ಷ ಜೊತೆಗಿದ್ದೆ, ನಿನಗೆ ಯಾವತ್ತಾದ್ರೂ ಒತ್ತಾಯ ಮಾಡಿದೀನಾ?’

ಮಾಡಿರಲಿಲ್ಲ. ಆದರೂ ನನ್ನೊಳಗಿನ ಕಸಿವಿಸಿ ಪೂರ್ತಿ ಹೋಗಲಿಲ್ಲ ಅಂತ ಅವನಿಗೇ ಹೇಳಿದೆ. ಆನಂದರಾವ್ ಕಥೆಯನ್ನೂ ಹೇಳಿದೆ. ಅವನಿಗೆ ಆ ಹೆಸರು ಗೊತ್ತಿತ್ತು, ಆ ಹೆಂಡತಿಯ ಬಗ್ಗೆ ಯೋಚಿಸಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ‘ಅಮ್ಮನ ಹತ್ರ ನಾನು ಸರಿಯಾಗಿ ಮಾತಾಡಿಲ್ಲ. ದೇವರ ಕರೆ ಅಂತ ಒಂದೇ ಮಾತು ಹೇಳಿ ಬಾಯಿ ಮುಚ್ಚಿಸಿಬಿಟ್ಟೆ’ ಅಂದ.

ಆ ವಾರಾಂತ್ಯ ಅವನು ರಜೆ ಹಾಕಿ ಮಂಗಳೂರಿಗೆ ಹೋದ. ನಾಲ್ಕು ದಿನ ಇದ್ದ. ಏನು ಮಾತಾಯಿತೋ ನಾನು ಕೇಳಲಿಲ್ಲ.

ನಂತರದ ಭಾನುವಾರ ನಾನೇ ಆಂಟಿಗೆ ಫೋನ್ ಮಾಡಿದೆ. ‘ಬುದ್ಧಿ ಹೇಳೋಕೆ ನನ್ನ ಕೈಲಾಗಲಿಲ್ಲ ಆಂಟಿ, ಸಾರಿ’ ಅಂದೆ. ‘ಇರ್ಲಿ ಬಿಡು’ ಅಂದರು. ಆಮೇಲೆ ಒಂದು ಕ್ಷಣ ತಡೆದು, ‘ಅವನು ಪುಸ್ತಕದ ಮುಂದೆ ಕೂತ್ರೆ ಊಟ ಮರೀತಾನೆ. ಹಾಸ್ಟೆಲ್‌ನಲ್ಲಿ ಯಾರು ಕರೀತಾರೆ? ನೀನು ರಾತ್ರಿ ಒಂದು ಮೆಸೇಜ್ ಹಾಕ್ತಿಯಲ್ವಾ?’

ಹಾಕ್ತೀನಿ ಅಂದೆ. ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ರಿಮೈಂಡರ್ ಇಟ್ಟಿದ್ದೀನಿ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಇದ್ದ ದಾರಿ ಬಿಟ್ಟು ಬೇರೆ ದಾರಿ ಹಿಡಿದಿದ್ದಾರಾ? ಹೋದವರ ಕಥೆ ಮಾತ್ರವಲ್ಲ, ಉಳಿದವರ ಕಥೆಯನ್ನೂ ಬರೆದು ಕಳಿಸಿ.