ಜೋರಾಗಿ ಒದೆಯುವ ಸೋತ ಕಾಲು

ಲಕ್ವ ಹೊಡೆದು ಒಂದೆರಡು ತಿಂಗಳಾದವರ ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ, ಸಾಮಾನ್ಯವಾಗಿ ಸೋತ ಕಾಲೇ ಗಟ್ಟಿ ಕಾಲಿಗಿಂತ ಜೋರಾಗಿ ಒದೆಯುತ್ತದೆ. ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗಿದು ಹೊಸದಲ್ಲ. ಮನೆಯವರಿಗೆ ಮಾತ್ರ ಹಿಗ್ಗು: "ಮೇಡಮ್, ಕಾಲಾಗ ಶಕ್ತಿ ಬಂತ್ ನೋಡ್ರಿ!" ಅದು ಶಕ್ತಿಯಲ್ಲ ಎಂದು ಹೇಳುವುದು ನನ್ನ ಪಾಲಿಗೆ ಬಂದ ಕಷ್ಟದ ಕೆಲಸ.

ಆ ಒದೆತಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ತಟ್ಟಿದೊಡನೆ ತೊಡೆಯ ಮುಂದಿನ ಸ್ನಾಯು ತುಸು ಎಳೆದಂತಾಗುತ್ತದೆ. ಸಂವೇದನಾ ನರ ಆ ಸುದ್ದಿಯನ್ನು ಬೆನ್ನುಹುರಿಗೆ ಒಯ್ಯುತ್ತದೆ. ಅಲ್ಲೇ ಅದು ಇನ್ನೊಂದು ನರಕೋಶಕ್ಕೆ ದಾಟಿ, ಚಾಲಕ ನರದ ಮೂಲಕ ಅದೇ ಸ್ನಾಯುವಿಗೆ ಮರಳುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗವೂ ಹಿಡಿಯುವುದಿಲ್ಲ.

ಬೆನ್ನುಮೂಳೆಯೊಳಗೆ ಸುಮಾರು 45 ಸೆಂ.ಮೀ. ಉದ್ದಕ್ಕೆ ಇಳಿದಿರುವ ಈ ಹುರಿಯೂ ಮಿದುಳೂ ಸೇರಿ ಕೇಂದ್ರ ನರವ್ಯೂಹ. ಹುರಿಯಿಂದ 31 ಜೋಡಿ, ಮಿದುಳಿನಿಂದ 12 ಜೋಡಿ ನರಗಳು ಹೊರಟು ಮೈಯೆಲ್ಲ ಹಬ್ಬುತ್ತವೆ. ಅವು ಪರಿಧಿ ನರವ್ಯೂಹ. ಎದೆಬಡಿತ, ಜೀರ್ಣಕ್ರಿಯೆಗಳನ್ನು ನಮಗೆ ತಿಳಿಯದಂತೆ ನೋಡಿಕೊಳ್ಳುವ ನರಗಳೂ ಇದರಲ್ಲಿವೆ.

ಮಿದುಳು ಕೆಲಸ ಮಾಡಿಸುತ್ತದೆಂದು ಎಲ್ಲರಿಗೂ ಗೊತ್ತು. ಬೆನ್ನುಹುರಿಯ ಆತುರಕ್ಕೆ ಲಗಾಮು ಹಾಕುವುದೂ ಅದೇ. ಮಿದುಳಿನಿಂದಿಳಿಯುವ ಚಾಲಕ ಎಳೆಗಳಲ್ಲಿ ಹೆಚ್ಚಿನವು ಅದರ ಬುಡದಲ್ಲೇ ಎದುರು ಬದಿಗೆ ದಾಟುತ್ತವೆ. ಹಾಗಾಗಿ ಎಡಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಬಲಗೈ, ಬಲಗಾಲು ಸೋಲುತ್ತವೆ. ಲಗಾಮು ತಪ್ಪಿದ ಹುರಿ ಸಣ್ಣ ಎಳೆತಕ್ಕೂ ಮಿತಿಮೀರಿ ಸ್ಪಂದಿಸುತ್ತದೆ. ಕಾಲು ಒದೆಯುವುದೂ, ಮೊಣಕೈ ಮಡಚಿಕೊಂಡು ಮುಷ್ಟಿ ಬಿಗಿಯುವುದೂ ಅದರಿಂದಲೇ. ತೊಡೆಗೆ ಹೋಗುವ ನರವೇ ತುಂಡಾಗಿದ್ದರೆ ಕಾಲು ಒದೆಯುವುದೇ ಇಲ್ಲ, ಸ್ನಾಯು ಸಡಿಲವಾಗಿ ಜೋಲುತ್ತದೆ. ಪೆಟ್ಟು ಬಿದ್ದದ್ದು ಮೇಲೋ ಕೆಳಗೋ ಎಂದು ಅಂದಾಜಿಸಲು ವೈದ್ಯರಿಗೆ ಇಷ್ಟು ಸುಳಿವು ಸಾಕು.

ವಾಸಿಯಾಗುವ ಬಗೆಯೂ ಬೇರೆ. ಕೈಕಾಲಿನ ನರ ತುಂಡಾದರೆ, ಹೊಲಿದು ಜೋಡಿಸಿದ ಮೇಲೆ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯಬಲ್ಲದು. ಲಕ್ವದಲ್ಲಿ ಸತ್ತ ಮಿದುಳಿನ ಕೋಶಗಳು ಮತ್ತೆ ಹುಟ್ಟಿಬರುವುದಿಲ್ಲ. ಉಳಿದ ಭಾಗಗಳಿಗೆ ಆ ಕೆಲಸ ಕಲಿಸಬೇಕು. "ಹೆಬ್ಬೆರಳು ಎತ್ರಿ ಅಜ್ಜಾರ" ಎಂದು ದಿನವೂ ನೂರು ಸಲ ಹೇಳುವುದು ಅದಕ್ಕೇ. ಬರೀ ಎಣ್ಣೆ ತಿಕ್ಕಿದರೆ ಮಿದುಳು ಏನನ್ನೂ ಕಲಿಯದು.

ಕೋಶಗಳು ಸಾಯುವ ಮೊದಲೇ ಆಸ್ಪತ್ರೆ ಮುಟ್ಟಿದರೆ ಇಷ್ಟೆಲ್ಲ ಪಾಡು ತಪ್ಪಬಹುದು. ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲಿದರೆ ಕಾಯಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಗಡುವು.