ಶಂಕೆಯ ಶಿಕ್ಷೆ

ಮತದ್ವೇಷವು ಒಮ್ಮೆ ಗುಂಪಿನ ದೊಂಬಿಯಾಗಿ, ಒಮ್ಮೆ ಪ್ರಭುವಿನ ಆಜ್ಞೆಯಾಗಿ ಪ್ರಕಟವಾಗುವುದುಂಟು. ಕ್ಯಾಥೊಲಿಕರಿಗೆ 1778ರಲ್ಲಿ ದೊರೆತ ಅಲ್ಪ ಸವಲತ್ತನ್ನು ಸಹಿಸದ ಲಂಡನ್ನಿನ ಜನಸ್ತೋಮವು 1780ರ ಜೂನ್ ತಿಂಗಳಿನಲ್ಲಿ ಅವರ ಮನೆಗಳನ್ನೂ ಪ್ರಾರ್ಥನಾಮಂದಿರಗಳನ್ನೂ ಸುಟ್ಟಿತು. ಸೈನ್ಯವು ಬಂದು ಗುಂಡು ಹಾರಿಸಿದ ಮೇಲೆಯೇ ಅದು ಅಡಗಿತು.

ನಾಲ್ಕು ವರ್ಷಗಳ ತರುವಾಯ ನಮ್ಮ ನಾಡಿನಲ್ಲಿ ನಡೆದುದು ಎರಡನೆಯ ಬಗೆಯದು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು 1784ರಲ್ಲಿ ಮಂಗಳೂರು ಸೀಮೆಯ ಕ್ಯಾಥೊಲಿಕರನ್ನು ಕುಟುಂಬಸಹಿತ ಸೆರೆಹಿಡಿಸಿ, ಘಟ್ಟ ಹತ್ತಿಸಿ, ನಮಗೆ ಅನತಿದೂರದ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆ 30,000ವೆಂದೂ 60,000ವೆಂದೂ ಭಿನ್ನ ಎಣಿಕೆಗಳುಂಟು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅಸಂಖ್ಯರು ಅಳಿದರು. ಕರಾವಳಿಯ ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿಯೊಂದು ಮಾತ್ರ ಜೈನ ಅರಸರಾದ ಚೌಟರ ಮಧ್ಯಸ್ಥಿಕೆಯಿಂದ ಉಳಿಯಿತೆಂದು ಪ್ರತೀತಿ.

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡಾಗ ಬದುಕುಳಿದವರಿಗೆ ಬಿಡುಗಡೆಯಾಯಿತು. ಹಲವರು ಊರಿಗೆ ಮರಳಿ ಕಳೆದ ಭೂಮಿಗಾಗಿ ಶ್ರಮಿಸಿದರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1811ರಲ್ಲಿ ಮರಳಿ ಎದ್ದಿತು. ಕೆಲವರು ಮೈಸೂರು ಸೀಮೆಯಲ್ಲಿಯೇ ನೆಲಸಿದರು.

ಕೆಲವರ ದ್ರೋಹವು ನಿಜವೇ ಆಗಿದ್ದರೂ ತೊಟ್ಟಿಲ ಕೂಸು ಅದಕ್ಕೆ ಹೊಣೆಯಲ್ಲ. ಅಧ್ಯಾಪಕರು ಈ ವೃತ್ತಾಂತವನ್ನು ಬೋಧಿಸುವಾಗ, ಒಬ್ಬ ಅರಸನ ಆಜ್ಞೆಯನ್ನು ಅವನ ಮತದವರೆಲ್ಲರ ಮೇಲೆ ಹೊರಿಸಿದರೆ ಅದೇ ಅನ್ಯಾಯವನ್ನು ಮರಳಿ ಮಾಡಿದಂತಾಗುವುದು. ಚೌಟರ ನಡೆಯನ್ನೂ ಮಕ್ಕಳಿಗೆ ಹೇಳತಕ್ಕದ್ದು.