ಟಿಕೆಟ್ ಒಂದೇ, ಊರು ಎರಡು!

ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಬೆಂಗಳೂರಿನಿಂದ ಹೊರಟಿದ್ದೀರಿ ಅಂದುಕೊಳ್ಳಿ. ನಾಲ್ಕೂವರೆ ಗಂಟೆಯಲ್ಲಿ ಸಿಂಗಾಪುರ ಬಂತು. ಮುಂದಿನ ವಿಮಾನಕ್ಕೆ ಇನ್ನೂ ಎಂಟು ಗಂಟೆ ಇದೆ. ಬ್ಯಾಗ್ ಕಾಯುತ್ತಾ, ಕುರ್ಚಿಯಲ್ಲೇ ತೂಕಡಿಸುತ್ತಾ ಕೂರಬೇಕಾ? ಗಾಜಿನ ಆಚೆ ಒಂದು ಇಡೀ ಊರೇ ಇದೆಯಲ್ಲ! ನೋಡಬಹುದು ವೀಕ್ಷಕರೇ. ಆದ್ರೆ ಲೆಕ್ಕ ಗೊತ್ತಿರಬೇಕು.

ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಮಧ್ಯದ ನಿಲುಗಡೆ 24 ಗಂಟೆಯೊಳಗಿದ್ದರೆ ಅದು ಲೇಓವರ್. ಅದನ್ನು ಮೀರಿದರೆ ಸ್ಟಾಪ್‌ಓವರ್. ಟಿಕೆಟ್ ಮಾಡಿಸುವಾಗಲೇ 'ಮಲ್ಟಿ ಸಿಟಿ' ಆಯ್ಕೆ ಮಾಡಿ, ಮಧ್ಯದ ಊರಲ್ಲಿ ಎರಡು ದಿನ ಸೇರಿಸಿ ನೋಡಿ. ಎಷ್ಟೋ ಸಲ ದರದಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ. ಕಂಪನಿಗಳು ಇದನ್ನು ಧರ್ಮಕ್ಕೆ ಕೊಡ್ತಿಲ್ಲ. ನೇರ ವಿಮಾನಕ್ಕೆ ಹೋಗುವ ಪ್ರಯಾಣಿಕರನ್ನು ಸೆಳೆಯುವ ಉಪಾಯ ಅದು. ಐಸ್‌ಲ್ಯಾಂಡ್‌ನ ವಿಮಾನ ಸಂಸ್ಥೆ 1960ರ ದಶಕದಿಂದಲೇ ಇದನ್ನು ಮಾಡ್ತಾ ಬಂದಿದೆ.

ಎರಡು ದಿನ ಇಲ್ಲ, ಎಂಟೇ ಗಂಟೆ ಇದೆ ಅಂದರೆ? ಹೊರಬರೋಕೆ ಒಂದು ಗಂಟೆ. ಮೆಟ್ರೊದಲ್ಲಿ ಹೋಗಿ ಬರೋಕೆ ಒಂದೂವರೆ ಗಂಟೆ. ವಿಮಾನಕ್ಕೆ ಎರಡೂವರೆ ಗಂಟೆ ಮುಂಚೆ ವಾಪಸ್ ಬಂದಿರಬೇಕು. ಕೈಯಲ್ಲಿ ಉಳಿಯೋದು ಮೂರೇ ಗಂಟೆ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆ ಸುತ್ತಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನಕ್ಕೆ ಕೈಮುಗಿದು, ಅಲ್ಲೇ ಇರುವ ನಮ್ಮ ಎಂಟಿಆರ್‌ನಲ್ಲಿ ರವೆ ಇಡ್ಲಿ ತಿನ್ನೋಕೆ ಅಷ್ಟು ಸಾಕು. ಚಾಂಗಿ ವಿಮಾನ ನಿಲ್ದಾಣವೇ ಟ್ರಾನ್ಸಿಟ್ ಪ್ರಯಾಣಿಕರಿಗೆ ಉಚಿತ ನಗರ ಪ್ರವಾಸವನ್ನೂ ನಡೆಸುತ್ತೆ. ಅದಕ್ಕೆ ಕನಿಷ್ಠ ಐದೂವರೆ ಗಂಟೆಯ ಬಿಡುವು ಇರಬೇಕು.

ಈಗ ಅಸಲಿ ವಿಷಯ. ಭಾರತದ ಪಾಸ್‌ಪೋರ್ಟ್ ಹಿಡಿದು ಹಾಗೇ ಹೊರಗೆ ಕಾಲಿಡೋಕೆ ಆಗಲ್ಲ. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು. ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್‌ನಂಥ ಕೆಲವು ದೇಶಗಳ ವೀಸಾ ಇದ್ದು, ಮುಂದಿನ ಟಿಕೆಟ್ ಕೈಯಲ್ಲಿದ್ದರೆ, ಷರತ್ತುಗಳಿಗೆ ಒಳಪಟ್ಟು 96 ಗಂಟೆವರೆಗೆ ವೀಸಾ ಇಲ್ಲದೆ ಬಿಡ್ತಾರೆ. ಅಂತಿಮ ತೀರ್ಮಾನ ಮಾತ್ರ ಅಲ್ಲಿನ ವಲಸೆ ಅಧಿಕಾರಿಯದ್ದು. ಆದ್ದರಿಂದ ನಿಯಮವನ್ನು ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಇನ್ನೆರಡು ಎಚ್ಚರಿಕೆ. ಊರು ಚೆನ್ನಾಗಿದೆ, ಇನ್ನೊಂದು ದಿನ ಇದ್ದುಬಿಡೋಣ ಅಂತ ಹೇಳದೆ ಕೇಳದೆ ಮುಂದಿನ ವಿಮಾನ ಬಿಟ್ಟರೆ, ವಾಪಸ್ ಟಿಕೆಟ್ ಸಮೇತ ಉಳಿದ ಪ್ರಯಾಣವೇ ರದ್ದಾಗಬಹುದು. ಅಗ್ಗ ಅಂತ ಬೇರೆಬೇರೆ ಟಿಕೆಟ್ ಮಾಡಿಸಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ನಿಮ್ಮದೇ. ಇನ್ನು ಮಾತ್ರೆ ಡಬ್ಬಿ ಕೈಬ್ಯಾಗ್‌ನಲ್ಲೇ ಇರಲಿ. ಲೇಓವರ್‌ನಲ್ಲಿ ದೊಡ್ಡ ಸೂಟ್‌ಕೇಸ್ ಸಾಮಾನ್ಯವಾಗಿ ನೇರ ಕೊನೆಯ ಊರಿಗೇ ಹೋಗುತ್ತೆ.

ಮಕ್ಕಳಿಗೊಂದು ಮಾತು. ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿಸುವಾಗ ಬರೀ ದರ ನೋಡಬೇಡಿ. ಅರವತ್ತು ದಾಟಿದ ಮಂಡಿಗಳಿಗೆ ಮಧ್ಯದಲ್ಲಿ ಒಂದು ರಾತ್ರಿ ಹಾಸಿಗೆ ಸಿಗೋದು ಪ್ರವಾಸಕ್ಕಿಂತ ದೊಡ್ಡದು. ಊರು ನೋಡಿದ್ದು ಲಾಭ ಅಷ್ಟೇ.